ಸ್ಕೋರ್ ಅನ್ನು ಪಠ್ಯವಾಗಿ ಬರೆದು ಉಳಿಸುವುದು: ಲಿಲಿಪಾಂಡ್ ಕೆಲಸ ಮೊದಲಿಂದ ಕೊನೆವರೆಗೆ

[ತೆರೆ: ಅಂಚು ಹರಿದ ಕೈಬರಹದ ಸ್ಕೋರ್ ಪುಟ. ಪಕ್ಕದಲ್ಲಿ ಅದೇ ಸಂಗೀತದ ಹೊಸ ಪಿಡಿಎಫ್. ಕೆಳಗೆ ಎಡಿಟರ್‌ನಲ್ಲಿ ತೆರೆದ ಪಠ್ಯದ ಫೈಲು.]

ಎಡಗಡೆ ಇರುವುದು ಹಾಳಾಗುತ್ತಿರುವ ಕೈಬರಹ. ಬಲಗಡೆಯದು ಅದರ ಅಚ್ಚುಕಟ್ಟಾದ ಪಿಡಿಎಫ್. ಆ ಪಿಡಿಎಫ್ ಹುಟ್ಟಿದ್ದು ಕೆಳಗೆ ಕಾಣುತ್ತಿರುವ ಸಾದಾ ಪಠ್ಯದಿಂದ. ಸ್ಕೋರ್ ಉಳಿಸುವವರು ಎಲ್ಲಕ್ಕಿಂತ ಜೋಪಾನವಾಗಿ ಇಟ್ಟುಕೊಳ್ಳಬೇಕಾದ್ದು ಈ ಪಠ್ಯವನ್ನೇ. ಅದನ್ನು ಟೈಪ್ ಮಾಡುವುದು ಹೇಗೆ, ಎಲ್ಲೆಲ್ಲಿ ಕೈತಪ್ಪುತ್ತದೆ, ತಪ್ಪಿದ್ದು ಗೊತ್ತಾಗುವುದು ಹೇಗೆ, ಇಷ್ಟನ್ನು ಈ ವಿಡಿಯೋದಲ್ಲಿ ನೋಡೋಣ. ಸ್ಟಾಫ್ ನೊಟೇಶನ್ ಓದಲು ನಿಮಗೆ ಬರುತ್ತದೆ ಎಂದುಕೊಂಡೇ ಹೇಳುತ್ತಿದ್ದೇವೆ.

ಸಾಫ್ಟ್‌ವೇರಿನ ಹೆಸರು ಲಿಲಿಪಾಂಡ್. 1996ರಲ್ಲಿ ನೆದರ್ಲೆಂಡ್ಸ್‌ನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ ಇದನ್ನು ಶುರು ಮಾಡಿದರು. ಮುಕ್ತ ಸಾಫ್ಟ್‌ವೇರುಗಳ ಗ್ನೂ ಯೋಜನೆಗೆ ಸೇರಿದ್ದು, ಉಚಿತ, ಇದರ ಒಳಗಿನ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಇದರಲ್ಲಿ ಮೌಸ್ ಹಿಡಿದು ಸ್ವರ ಕೂರಿಸುವ ಕೆಲಸ ಇಲ್ಲ. ಸಂಗೀತವನ್ನು ಅಕ್ಷರಗಳಲ್ಲಿ ಬರೆದು ಪ್ರೋಗ್ರಾಂ ಓಡಿಸಿದರೆ ಪುಟ ತಯಾರಾಗುತ್ತದೆ. ಸ್ವರಗಳ ನಡುವಿನ ಅಂತರ, ಬೀಮ್‌ಗಳ ಓರೆ, ಸಾಲು ಎಲ್ಲಿ ಮುರಿಯಬೇಕು, ಎಲ್ಲವನ್ನೂ ಅದೇ ಲೆಕ್ಕ ಹಾಕುತ್ತದೆ.

ಪಠ್ಯವೇ ಯಾಕೆ ಬೇಕು? ಫಿನಾಲೆ ಎಂಬ ಹೆಸರಾಂತ ನೊಟೇಶನ್ ಸಾಫ್ಟ್‌ವೇರ್ 1988ರಿಂದ ಬಳಕೆಯಲ್ಲಿತ್ತು. ಅದರ ಅಭಿವೃದ್ಧಿ ನಿಲ್ಲಿಸುತ್ತಿದ್ದೇವೆ ಎಂದು 2024ರ ಆಗಸ್ಟ್‌ನಲ್ಲಿ ಕಂಪನಿ ಪ್ರಕಟಿಸಿತು. ಅದರ ಫೈಲನ್ನು ಪೂರ್ತಿಯಾಗಿ ತೆರೆಯಲು ಆ ಪ್ರೋಗ್ರಾಂ ಒಂದೇ ದಾರಿ. ಹಾಗಾಗಿ ಅದರಲ್ಲಿ ಕೆಲಸ ಮಾಡಿಟ್ಟವರು, ಕಂಪ್ಯೂಟರಿನಲ್ಲಿ ಅದು ಇನ್ನೂ ಓಡುತ್ತಿರುವಾಗಲೇ ಎಲ್ಲವನ್ನೂ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ, ಅಂದರೆ ಬೇರೆ ನೊಟೇಶನ್ ಸಾಫ್ಟ್‌ವೇರುಗಳೂ ಓದಬಲ್ಲ ರೂಪಕ್ಕೆ, ತೆಗೆದಿಟ್ಟುಕೊಳ್ಳಬೇಕು. ಲಿಲಿಪಾಂಡ್ ಫೈಲಿಗೆ ಈ ಭಯವಿಲ್ಲ. ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ. ನಾಳೆ ಲಿಲಿಪಾಂಡೇ ಇಲ್ಲವಾದರೂ, ಓದಿದವರಿಗೆ ಯಾವ ಸ್ವರ, ಎಷ್ಟು ಉದ್ದ ಅನ್ನುವುದು ತಿಳಿಯುತ್ತದೆ.

[ತೆರೆ: ಫ್ರೆಸ್ಕೊಬಾಲ್ಡಿ ಎಡಿಟರ್. ಎಡಕ್ಕೆ ಪಠ್ಯ, ಬಲಕ್ಕೆ ಸ್ಕೋರ್.]

ಇನ್‌ಸ್ಟಾಲ್ ಬಗ್ಗೆ ಎರಡೇ ಮಾತು. 2.24 ಆವೃತ್ತಿ ಬಂದಮೇಲೆ ಲಿಲಿಪಾಂಡ್ ವಿಂಡೋಸ್‌ಗೆ ಜಿಪ್ ಫೈಲಾಗಿ, ಮ್ಯಾಕ್ ಮತ್ತು ಲಿನಕ್ಸ್‌ಗೆ ಟಾರ್ ಫೈಲಾಗಿ ಸಿಗುತ್ತದೆ, ಬಿಚ್ಚಿ ಒಂದು ಫೋಲ್ಡರಿನಲ್ಲಿ ಇಟ್ಟರೆ ಆಯಿತು. ಬರೆಯುವುದಕ್ಕೆ ಫ್ರೆಸ್ಕೊಬಾಲ್ಡಿ ಎಂಬ ಎಡಿಟರ್ ಹಾಕಿಕೊಂಡು, ಅದರ ಸೆಟ್ಟಿಂಗ್‌ನಲ್ಲಿ ಲಿಲಿಪಾಂಡ್ ಎಲ್ಲಿದೆ ಎಂದು ತೋರಿಸಿ. ಸ್ಕೋರಿನಲ್ಲಿ ಒಂದು ಸ್ವರದ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ನೇರವಾಗಿ ಅದರ ಪಠ್ಯಕ್ಕೆ ಹೋಗುತ್ತದೆ. ತಪ್ಪು ಹುಡುಕುವಾಗ ಇದರಷ್ಟು ನೆರವಾಗುವುದು ಬೇರೊಂದಿಲ್ಲ.

ಈಗ ಬರೆಯೋಣ. ಮೊಟ್ಟಮೊದಲ ಸಾಲಿನಲ್ಲಿ ಆವೃತ್ತಿ: ಬ್ಯಾಕ್‌ಸ್ಲ್ಯಾಶ್ ವರ್ಷನ್, ಉದ್ಧರಣ ಚಿಹ್ನೆಯೊಳಗೆ 2.24.0. ಇದನ್ನು ಯಾವತ್ತೂ ಬಿಡಬೇಡಿ, ಕಾರಣ ಮುಂದೆ ಹೇಳುತ್ತೇವೆ. ಸ್ವರಕ್ಕೆ ಇಂಗ್ಲಿಷಿನ ಸಣ್ಣಕ್ಷರ, ಅದಕ್ಕೆ ಅಂಟಿಕೊಂಡೇ ಉದ್ದದ ಅಂಕಿ. 1 ಅಂದರೆ ಹೋಲ್ ನೋಟ್, 2 ಹಾಫ್, 4 ಕ್ವಾರ್ಟರ್, 8 ಎಂಟನೇ ಒಂದು. ಚುಕ್ಕೆ ಸ್ವರವಾದರೆ ಅಂಕಿಯ ನಂತರವೇ ಚುಕ್ಕೆ. ವಿರಾಮಕ್ಕೆ ಸಣ್ಣ ಆರ್. ಇಡೀ ಬಾರ್ ವಿರಾಮವಾದರೆ ದೊಡ್ಡ ಆರ್. ಸ್ಲರ್‌ಗೆ ದುಂಡು ಆವರಣ, ಟೈಗೆ ಅಲೆಗೆರೆ.

ಅಂಕಿ ಹಾಕದಿದ್ದರೆ ಹಿಂದಿನ ಸ್ವರದ ಉದ್ದವೇ ಮುಂದುವರಿಯುತ್ತದೆ. ಟೈಪಿಂಗ್ ಬೇಗ ಆಗುವುದು ಇದರಿಂದ, ಅತಿ ಹೆಚ್ಚು ತಪ್ಪು ಆಗುವುದೂ ಇದರಿಂದಲೇ.

[ತೆರೆ: ಸಿ4 ಡಿ8 ಇ ಎಫ್ ಜಿ |]

ಟೈಮ್ ಸಿಗ್ನೇಚರ್ 4/4. ಮೂಲದಲ್ಲಿ ಕೊನೆಯ ಎಫ್, ಜಿ ಎರಡೂ ಕ್ವಾರ್ಟರ್. ಎಫ್ ನಂತರ 4 ಹಾಕುವುದು ಮರೆತುಹೋಗಿದೆ, ಹಾಗಾಗಿ ಎರಡೂ ಎಂಟನೇ ಒಂದಾಗಿವೆ. ಬಾರ್ ಮುಕ್ಕಾಲಿಗೇ ಮುಗಿಯಿತು, ಮುಂದಿನ ಬಾರಿನ ಮೊದಲ ಸ್ವರ ಇದರೊಳಗೆ ನುಗ್ಗಿತು, ಅಲ್ಲಿಂದ ಕೊನೆಯವರೆಗೂ ಎಲ್ಲ ಜಾರಿತು. ಆ ನಿಂತ ಗೆರೆ ಇರುವುದು ಇದಕ್ಕೇ. ಅದು ಬಾರ್ ಗೆರೆ ಎಳೆಯುವುದಿಲ್ಲ, ಇಲ್ಲಿ ಬಾರ್ ಮುಗಿದಿರಬೇಕು ಎಂದು ಪರೀಕ್ಷೆ ಮಾಡುತ್ತದೆ ಅಷ್ಟೇ. ಮುಗಿದಿರದಿದ್ದರೆ ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಂ ಓಡುವಾಗ ಬರುವ ಸಂದೇಶಗಳಲ್ಲಿ, ಬಾರ್‌ಚೆಕ್ ವಿಫಲ, 3/4 ಎಂದು ಸಾಲಿನ ಸಂಖ್ಯೆ ಸಮೇತ ಬರುತ್ತದೆ. ಬಾರಿನಲ್ಲಿ ಎಷ್ಟು ದೂರ ಬಂದಾಗ ಗೆರೆ ಸಿಕ್ಕಿತು ಅನ್ನುವುದು ಆ ಭಿನ್ನರಾಶಿ. ಇಲ್ಲಿ ಕಾಲು ಭಾಗ ಕಮ್ಮಿ ಬಿದ್ದಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಹಲವು ಎಚ್ಚರಿಕೆಗಳು ಬಂದರೆ ಮೊದಲನೆಯದನ್ನು ಸರಿಮಾಡಿ ಮತ್ತೆ ಓಡಿಸಿ, ಕೆಳಗಿನವು ಬಹುಪಾಲು ತಾವಾಗಿಯೇ ಹೋಗುತ್ತವೆ.

ಬಾರ್ ಒಂದಕ್ಕೆ ಸಾಲು ಒಂದು, ಸಾಲಿನ ಕೊನೆಗೆ ನಿಂತ ಗೆರೆ, ಆಮೇಲೆ ಶೇಕಡಾ ಚಿಹ್ನೆ ಹಾಕಿ ಬಾರ್ ಸಂಖ್ಯೆ. ಶೇಕಡಾ ಚಿಹ್ನೆಯ ನಂತರ ಬರೆದದ್ದನ್ನು ಲಿಲಿಪಾಂಡ್ ಓದುವುದಿಲ್ಲ. ಫೈಲು ಉದ್ದವಾಗುತ್ತದೆ, ಆಗಲಿ. ಪ್ರತಿ ಸಾಲಿನ ಮೊದಲ ಸ್ವರಕ್ಕೆ ಉದ್ದದ ಅಂಕಿಯನ್ನು ಬಿಡದೆ ಹಾಕಿದರೆ ತಪ್ಪು ಉದ್ದ ಮುಂದಿನ ಬಾರಿನ ಸ್ವರಗಳಿಗೆ ದಾಟುವುದಿಲ್ಲ.

ಇನ್ನು ಶಾರ್ಪ್, ಫ್ಲಾಟ್. ಲಿಲಿಪಾಂಡ್‌ನ ಮೂಲ ಪದ್ಧತಿ ಡಚ್ಚರದು: ಶಾರ್ಪ್‌ಗೆ ಅಕ್ಷರದ ನಂತರ ಇಸ್, ಫ್ಲಾಟ್‌ಗೆ ಎಸ್. ಎಫ್ ಶಾರ್ಪ್ ಅಂದರೆ ಫಿಸ್. ಕೀ ಡಿ ಮೇಜರ್ ಎಂದು ಕೊಟ್ಟ ಮಾತ್ರಕ್ಕೆ ಎಫ್ ತಾನಾಗಿ ಶಾರ್ಪ್ ಆಗುವುದಿಲ್ಲ. ನೀವು ಬರೆಯುವುದು ಕೇಳಿಸುವ ಸ್ವರವನ್ನು. ಚಿಹ್ನೆಯನ್ನು ಕಾಗದದ ಮೇಲೆ ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪ್ರೋಗ್ರಾಂ. ಡಿ ಮೇಜರ್‌ನಲ್ಲಿ ಬರೀ ಎಫ್ ಬರೆದರೆ ಪುಟದಲ್ಲಿ ನ್ಯಾಚುರಲ್ ಚಿಹ್ನೆ ಬರುತ್ತದೆ. ಮೂಲದಲ್ಲಿ ಇಲ್ಲದ ನ್ಯಾಚುರಲ್ ಚಿಹ್ನೆಗಳು ಪುಟದ ತುಂಬ ಕಂಡರೆ ಕಾರಣ ಇದೇ. ಇದು ಕಿರಿಕಿರಿ ಅನ್ನಿಸಬಹುದು, ಆದರೆ ಹೀಗೆ ಬರೆದಿರುವುದರಿಂದಲೇ ಮುಂದೆ ಇಡೀ ಕೃತಿಯನ್ನು ಬೇರೆ ಕೀಗೆ ಒಂದೇ ಆಜ್ಞೆಯಲ್ಲಿ ಬದಲಿಸಲು ಆಗುವುದು.

ಆಕ್ಟೇವ್ ವಿಷಯಕ್ಕೆ ಇನ್ನೂ ಸ್ವಲ್ಪ ಹೊತ್ತು ಕೊಡಬೇಕು. ರಿಲೇಟಿವ್ ಎಂದು ಕೊಟ್ಟರೆ ಪ್ರತಿ ಸ್ವರವೂ ಹಿಂದಿನದಕ್ಕೆ ಅತಿ ಹತ್ತಿರದ ಜಾಗದಲ್ಲಿ ಕೂರುತ್ತದೆ, ಅಂದರೆ ಮೇಲಕ್ಕಾಗಲಿ ಕೆಳಕ್ಕಾಗಲಿ ನಾಲ್ಕನೇ ಸ್ವರದೊಳಗೆ. ಸಿ ಆದಮೇಲೆ ಎಫ್ ಬರೆದರೆ ಮೇಲಕ್ಕೆ. ಸಿ ಆದಮೇಲೆ ಜಿ ಬರೆದರೆ ಕೆಳಕ್ಕೆ, ಏಕೆಂದರೆ ಮೇಲಿನ ಜಿ ಐದು ಮೆಟ್ಟಿಲು, ಕೆಳಗಿನದು ನಾಲ್ಕೇ. ಮೇಲಿನ ಜಿ ಬೇಕಿದ್ದರೆ ಅಕ್ಷರದ ನಂತರ ಒಂದು ಒಂಟಿ ಉದ್ಧರಣ ಚಿಹ್ನೆ, ಇನ್ನೂ ಕೆಳಗಿನದು ಬೇಕಿದ್ದರೆ ಅಲ್ಪವಿರಾಮ.

[ತೆರೆ: ಒಂದು ಚಿಹ್ನೆ ಅಳಿಸಿದಾಗ ಅಲ್ಲಿಂದ ಮುಂದಿನ ಸ್ವರಗಳೆಲ್ಲ ಒಂದು ಆಕ್ಟೇವ್ ಇಳಿಯುವುದು.]

ಒಂದೇ ಚಿಹ್ನೆ ಬಿಟ್ಟುಹೋದರೂ ಆಚೆಗಿನದೆಲ್ಲ ಹೀಗೆ ಜಾರುತ್ತದೆ. ಇಲ್ಲಿ ಬಾರ್‌ಚೆಕ್ ಏನೂ ಹೇಳುವುದಿಲ್ಲ, ಸ್ವರದ ಉದ್ದಗಳು ಸರಿಯಾಗೇ ಇವೆಯಲ್ಲ. ಇಡೀ ಕೃತಿಯನ್ನು ಒಂದೇ ರಿಲೇಟಿವ್ ಒಳಗೆ ತುಂಬಬೇಡಿ. ಎಂಟೋ ಹದಿನಾರೋ ಬಾರ್‌ಗಳಿಗೊಮ್ಮೆ ಹೊಸದಾಗಿ ಶುರುಮಾಡಿ. ರಿಲೇಟಿವ್ ಪದದ ನಂತರ, ಆವರಣಕ್ಕೆ ಮೊದಲು, ಯಾವ ಸ್ವರವನ್ನೂ ಕೊಡದಿದ್ದರೆ ಆವರಣದೊಳಗಿನ ಮೊದಲ ಸ್ವರವನ್ನು ನೇರ ಎತ್ತರವೆಂದೇ ಓದುತ್ತದೆ: ಒಂದು ಒಂಟಿ ಉದ್ಧರಣ ಚಿಹ್ನೆಯ ಸಿ ಅಂದರೆ ಮಿಡಲ್ ಸಿ. ಆ ಭಾಗವನ್ನು ಎಲ್ಲಿ ತೆಗೆದು ಎಲ್ಲಿ ಅಂಟಿಸಿದರೂ ಎತ್ತರ ಕೆಡುವುದಿಲ್ಲ.

ಹಲವು ವಾದ್ಯಗಳಿದ್ದರೆ ಒಂದೊಂದು ವಾದ್ಯದ ಸಂಗೀತಕ್ಕೆ ಒಂದೊಂದು ಹೆಸರು ಕೊಟ್ಟು ಬರೆಯಿರಿ. ಹೆಸರಿನಲ್ಲಿ ಅಂಕಿ ಬೇಡ. ವಯೊಲಿನ್ 1 ಎಂದು ಅಂಕಿ ಸೇರಿಸಿ ಬರೆದರೆ ದೋಷ ಬರುತ್ತದೆ, ವಯೊಲಿನ್‌ಒನ್ ಎಂದು ಅಕ್ಷರದಲ್ಲೇ ಬರೆಯಬೇಕು. ಪೂರ್ಣ ಸ್ಕೋರ್ ಒಂದು ಫೈಲು, ಪ್ರತಿ ವಾದ್ಯದ ಬಿಡಿ ಪಾರ್ಟ್ ಇನ್ನೊಂದು ಫೈಲು, ಎರಡೂ ಅದೇ ಸಂಗೀತವನ್ನು ಇನ್‌ಕ್ಲೂಡ್ ಮೂಲಕ ತರಿಸಿಕೊಳ್ಳುತ್ತವೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಬಿ ಫ್ಲಾಟ್ ಕ್ಲಾರಿನೆಟ್ ಪಾರ್ಟಿಗೆ ಟ್ರಾನ್ಸ್‌ಪೋಸ್ ಆಜ್ಞೆಯಲ್ಲಿ ಮೊದಲು ಬೆಸ್ (ಅಂದರೆ ಬಿ ಫ್ಲಾಟ್), ಆಮೇಲೆ ಒಂದು ಚಿಹ್ನೆಯ ಸಿ. ಈ ಎರಡನ್ನು ಅದಲುಬದಲು ಮಾಡಿದರೆ ಪಾರ್ಟ್ ಒಂದು ಸ್ವರ ಮೇಲೆ ಹೋಗುವ ಬದಲು ಕೆಳಗೆ ಇಳಿಯುತ್ತದೆ.

ಹಾಡಿದ್ದರೆ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಹಾಕಬಹುದು. ಫೈಲನ್ನು ಎಲ್ಲ ಲಿಪಿಗಳಿಗೂ ಹೊಂದುವ ಯುಟಿಎಫ್-8 ರೂಪದಲ್ಲಿ ಉಳಿಸಿ. ಲಿಲಿಪಾಂಡ್ ಅಕ್ಷರ ಜೋಡಿಸಲು ಪ್ಯಾಂಗೊ ಎಂಬ ಲೈಬ್ರರಿ ಬಳಸುತ್ತದೆ, ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಫಾಂಟ್ ಹೆಸರನ್ನು ಮಾತ್ರ ನೀವೇ ಕೊಡಿ, ಉದಾಹರಣೆಗೆ ನೋಟೊ ಸಾನ್ಸ್ ಕನ್ನಡ. ಕೊಡದಿದ್ದರೆ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಫಾಂಟ್ ಬರುತ್ತದೆ. ಪದವನ್ನು ಅಕ್ಷರಗಳಾಗಿ ಬಿಡಿಸುವಾಗ ನಡುವೆ ಎರಡು ಅಡ್ಡಗೆರೆ, ಅದರ ಎರಡೂ ಕಡೆ ಖಾಲಿ ಜಾಗ. ಆ ಜಾಗ ಬಿಡದಿದ್ದರೆ ಇಡೀ ಪದ ಒಂದೇ ಸ್ವರಕ್ಕೆ ಅಂಟಿಕೊಂಡು, ಮುಂದಿನ ಸಾಹಿತ್ಯವೆಲ್ಲ ಹಿಂದಕ್ಕೆ ಸರಿಯುತ್ತದೆ. ಅಮ್ಮ ಎಂಬ ಪದವನ್ನು ಅ ಮತ್ತು ಮ್ಮ ಎಂದು ಬಿಡಿಸಿ. ಅಮ್, ಮ ಎಂದು ಬಿಡಿಸಿದರೆ ಒತ್ತು ಹೋಗಿ ಅರ್ಧಾಕ್ಷರ ಉಳಿಯುತ್ತದೆ, ಹಾಡುವವರು ಅಲ್ಲಿ ತಡವರಿಸುತ್ತಾರೆ.

[ತೆರೆ: ಸ್ಕ್ಯಾನ್ ಮತ್ತು ಹೊಸ ಪುಟ ಅಕ್ಕಪಕ್ಕ, ಸಾಲಿಗೆ ಸಾಲು ಹೊಂದಿಕೊಂಡು.]

ಮೂಲದೊಂದಿಗೆ ತಾಳೆ ನೋಡುವ ಕೆಲಸಕ್ಕೆ ಟೈಪಿಂಗ್‌ನಷ್ಟೇ ಸಮಯ ಇಟ್ಟುಕೊಳ್ಳಿ. ಹಳೆಯ ಪುಟದಲ್ಲಿ ಸಾಲು ಎಲ್ಲೆಲ್ಲಿ ಮುರಿದಿದೆಯೋ ಹೊಸದರಲ್ಲೂ ಅಲ್ಲೇ ಮುರಿಯುವಂತೆ ಮಾಡಿದರೆ ಕಣ್ಣಿಗೆ ಸುಲಭ. ಆದರೆ ಬ್ರೇಕ್ ಆಜ್ಞೆಗಳನ್ನು ಸ್ವರಗಳ ನಡುವೆ ತುರುಕಬೇಡಿ. ಬ್ರೇಕ್ಸ್ ಎಂಬ ಪ್ರತ್ಯೇಕ ಹೆಸರಿನಡಿ ಕಾಣದ ವಿರಾಮಗಳನ್ನು ಬರೆಯಿರಿ: ಎಸ್1 ಗುಣಿಸು 4, ಬ್ರೇಕ್, ಎಸ್1 ಗುಣಿಸು 5, ಬ್ರೇಕ್, ಹೀಗೆ. 4/4ರಲ್ಲಿ ಎಸ್1 ಅಂದರೆ ಏನೂ ಅಚ್ಚಾಗದ ಒಂದು ಬಾರ್. ಇದನ್ನು ಸಂಗೀತದ ಜೊತೆಗೇ ಅದೇ ಸ್ಟಾಫ್ ಮೇಲೆ ಸೇರಿಸಿ. ತಿದ್ದುಪಡಿ ಮುಗಿದಮೇಲೆ ಆ ಒಂದು ಸಾಲಿನ ಮುಂದೆ ಶೇಕಡಾ ಚಿಹ್ನೆ ಹಾಕಿದರೆ ಪುಟ ತನ್ನದೇ ಅಳತೆಗೆ ಮತ್ತೆ ಜೋಡಣೆಯಾಗುತ್ತದೆ. ನಮ್ಮ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಉಳಿಸುವ ಉಪಾಯ ಇದು.

ಕಣ್ಣಿನ ಜೊತೆಗೆ ಕಿವಿಯೂ ಬೇಕು. ಸ್ಕೋರ್ ಆವರಣದೊಳಗೆ ಮಿಡಿ ಆವರಣ ಸೇರಿಸಿ. ಬರೀ ಮಿಡಿ ಹಾಕಿದರೆ ಧ್ವನಿಯ ಫೈಲು ಮಾತ್ರ ಬರುತ್ತದೆ, ಆ ಸ್ಕೋರಿನ ಪುಟ ಬರುವುದಿಲ್ಲ. ಲೇಔಟ್ ಆವರಣವೂ ಜೊತೆಗಿರಬೇಕು. ಕೇಳಿದಾಗ ತಪ್ಪು ಆಕ್ಟೇವ್, ಬಿಟ್ಟುಹೋದ ಶಾರ್ಪ್ ತಕ್ಷಣ ಸಿಗುತ್ತವೆ. ಸ್ಲರ್ ಎಲ್ಲಿಂದ ಎಲ್ಲಿಗೆ ಅನ್ನುವಂಥವು ಕಿವಿಗೆ ಸಿಗುವುದಿಲ್ಲ, ಅವನ್ನು ಕಾಗದದಲ್ಲಿ ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದೇ ನೋಡಬೇಕು.

ಮೂಲದಲ್ಲಿ ಇಲ್ಲದ್ದನ್ನು ನೀವು ಸೇರಿಸಿದರೆ ಅದು ಓದುವವರಿಗೆ ಕಾಣಬೇಕು. ನೀವು ಸೇರಿಸಿದ ಸ್ಲರ್ ಅನ್ನು ತುಂಡುಗೆರೆಯಲ್ಲಿ ಹಾಕಿ, ಅದಕ್ಕೆ ಸ್ಲರ್ ಡ್ಯಾಶ್ಡ್ ಎಂಬ ಆಜ್ಞೆ ಇದೆ. ಸಂಶಯವಿರುವ ಸ್ವರವನ್ನು ಆವರಣದೊಳಗೆ ತೋರಿಸಿ. ಕಾಗದ ಹರಿದು ಓದಲಾಗದ ಬಾರ್ ಇದ್ದರೆ ಊಹೆಯಿಂದ ತುಂಬಿ ಸುಮ್ಮನಾಗಬೇಡಿ, ಅಡಿಟಿಪ್ಪಣಿ ಹಾಕಿ. ಸುಮ್ಮನೆ ತಿದ್ದಿಬಿಟ್ಟರೆ ಮುಂದೆ ನೋಡುವವರಿಗೆ ಸಂಯೋಜಕರು ಬರೆದದ್ದು ಯಾವುದು, ನಾವು ಸೇರಿಸಿದ್ದು ಯಾವುದು ಎಂದು ಬೇರೆ ಮಾಡಲು ದಾರಿಯೇ ಇರುವುದಿಲ್ಲ.

ಹೊರಗೆ ಹಂಚುವ ಮುನ್ನ ಒಂದು ಎಚ್ಚರ. ಕ್ಲಿಕ್ ಮಾಡಿದರೆ ಪಠ್ಯಕ್ಕೆ ಹೋಗುವ ಆ ಸೌಲಭ್ಯಕ್ಕಾಗಿ ಪಿಡಿಎಫ್ ಒಳಗೆ ನಿಮ್ಮ ಕಂಪ್ಯೂಟರಿನ ಫೋಲ್ಡರ್ ವಿಳಾಸ ಸೇರಿರುತ್ತದೆ. ಎಷ್ಟೋ ಸಲ ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ, ಫೈಲಿನ ಗಾತ್ರವೂ ಹೆಚ್ಚು. ಕೊನೆಯ ಬಾರಿ ಓಡಿಸುವಾಗ ಪಾಯಿಂಟ್ ಅಂಡ್ ಕ್ಲಿಕ್ ಆಫ್ ಆಜ್ಞೆ ಹಾಕಿ. ಇದರ ಜೊತೆಗೆ ಎಂಬೆಡ್ ಸೋರ್ಸ್ ಕೋಡ್ ಎಂಬ ಆಯ್ಕೆ ಕೊಟ್ಟರೆ ಪಠ್ಯದ ಫೈಲುಗಳು ಪಿಡಿಎಫ್ ಒಳಗೇ ಲಗತ್ತಾಗುತ್ತವೆ. ಹತ್ತಾರು ಕೈ ದಾಟಿದಮೇಲೂ ಪುಟ ಮತ್ತು ಪಠ್ಯ ಬೇರೆಯಾಗುವುದಿಲ್ಲ.

[ತೆರೆ: ಒಂದು ಫೋಲ್ಡರ್ ತೆರೆದು ತೋರಿಸುವುದು.]

ಫೋಲ್ಡರಿನಲ್ಲಿ ಇರಬೇಕಾದ್ದು: ಮೂಲದ ಸ್ಕ್ಯಾನ್, ಕನಿಷ್ಠ 300 ಡಿಪಿಐ; ಪಠ್ಯದ ಫೈಲುಗಳು; ಪಿಡಿಎಫ್; ಮಿಡಿ; ಯಾವ ಮೂಲದಿಂದ ತೆಗೆದದ್ದು, ಏನೇನು ತಿದ್ದಿದ್ದು ಎಂಬ ಸಣ್ಣ ಟಿಪ್ಪಣಿ. ಇಡೀ ಫೋಲ್ಡರನ್ನು, ಫೈಲುಗಳ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟರೆ ಒಳ್ಳೆಯದು. ಬಾರ್‌ಗೊಂದು ಸಾಲು ಬರೆದಿರುವುದರಿಂದ ಯಾವ ಬಾರಿನಲ್ಲಿ ಯಾವ ಸ್ವರ ಯಾವಾಗ ಬದಲಾಯಿತು ಎಂಬುದು ನೇರವಾಗಿ ಕಾಣುತ್ತದೆ. ಹಕ್ಕುಸ್ವಾಮ್ಯ ಮುಗಿದ ಕೃತಿಯಾದರೆ ಮ್ಯುಟೋಪಿಯಾ ಎಂಬ ಮುಕ್ತ ಸಂಗ್ರಹಕ್ಕೂ ಕಳಿಸಬಹುದು. ಲಿಲಿಪಾಂಡ್ ಪಠ್ಯ ಸಮೇತ ಎರಡು ಸಾವಿರಕ್ಕೂ ಹೆಚ್ಚು ಕೃತಿಗಳು ಅಲ್ಲಿವೆ. ಸಂಯೋಜಕರ ಹಕ್ಕು ಮುಗಿದಿದ್ದರೂ ನೀವು ನೋಡಿ ಬರೆದ ಆ ಮುದ್ರಣದ ಹಕ್ಕು ಉಳಿದಿರಬಹುದು, ಕಳಿಸುವ ಮುಂಚೆ ಪರಿಶೀಲಿಸಿ.

ಇನ್ನು ಆ ಆವೃತ್ತಿ ಸಾಲು. ಲಿಲಿಪಾಂಡ್‌ನ ಆಜ್ಞೆಗಳು ಆವೃತ್ತಿಯಿಂದ ಆವೃತ್ತಿಗೆ ಅಷ್ಟಿಷ್ಟು ಬದಲಾಗುತ್ತವೆ. ಹಳೆಯ ಫೈಲನ್ನು ಹೊಸ ಆವೃತ್ತಿಗೆ ಹೊಂದಿಸಲು ಕನ್ವರ್ಟ್-ಎಲ್‌ವೈ ಎಂಬ ಉಪಕರಣ ಜೊತೆಯಲ್ಲೇ ಬರುತ್ತದೆ. ಯಾವ ಬದಲಾವಣೆಗಳನ್ನು ಮಾಡಬೇಕು ಎಂದು ಅದು ತಿಳಿಯುವುದು ಆ ಸಾಲನ್ನು ಓದಿ. ಬಹುಪಾಲನ್ನು ತಾನೇ ತಿದ್ದುತ್ತದೆ, ಆಗದಿದ್ದನ್ನು ಕೈಯಿಂದ ತಿದ್ದಿ ಎಂದು ತೋರಿಸುತ್ತದೆ. ಓಡಿಸುವ ಮುಂಚೆ ಫೈಲಿನ ಪ್ರತಿ ತೆಗೆದಿಡಿ. ಆಮೇಲೆ ಬಂದ ಪಿಡಿಎಫ್ ಅನ್ನು ಹಳೆಯ ಪಿಡಿಎಫ್ ಪಕ್ಕದಲ್ಲಿಟ್ಟು ಬಾರ್ ಬಾರ್ ತಾಳೆ ನೋಡಿ, ಎರಡೂ ಹೊಂದಿದ ಮೇಲೆ ಹೊಸ ಪಠ್ಯವನ್ನು ಫೋಲ್ಡರಿಗೆ ಸೇರಿಸಿ.