ಅಲೀಜ್-ಸೆಂತ್-ರೆನ್: ಹಳೆಯ ರೂಪ ತೋರಿಸಿ

ಎಲ್ಲರಿಗೂ ನಮಸ್ಕಾರ.

ಬೆಳಗಿನ ಗೋಷ್ಠಿಯಲ್ಲಿ ಊರ ಹೆಸರುಗಳ ಬಗ್ಗೆ ಬಹಳ ಉತ್ಸಾಹದ ಮಾತು ಕೇಳಿದಿರಿ. ಹೆಸರನ್ನು ಎರಡು ತುಂಡು ಮಾಡುವುದು, ನಿಘಂಟು ತೆಗೆಯುವುದು, ಎರಡು ತುಂಡಿಗೂ ಅರ್ಥ ಸಿಕ್ಕಿತೋ, ಊರಿನ ಇತಿಹಾಸ ಮುಗಿಯಿತು. ಆ ಉತ್ಸಾಹದ ಮೇಲೆ ಒಂದು ಚೆಂಬು ತಣ್ಣೀರು ಸುರಿಯುವ ಕೆಲಸ ಈ ಮಧ್ಯಾಹ್ನದ ಪಾಲಿಗೆ ಬಂದಿದೆ. ಊಟವಾದ ಮೇಲಿನ ಹೊತ್ತು, ತಣ್ಣೀರು ನಿದ್ದೆಗೂ ಒಳ್ಳೆಯ ಮದ್ದು.

ನಮ್ಮ ಊರುಗಳನ್ನು ಬಿಟ್ಟು ಫ್ರಾನ್ಸಿನ ಊರೊಂದನ್ನು ಆರಿಸಿಕೊಂಡದ್ದು ಬೇಕೆಂದೇ. ಸ್ವಂತ ಊರಿನ ಹೆಸರಿಗೆ ಕೈ ಹಾಕಿದರೆ ಸಭೆಯಲ್ಲಿ ಜಗಳ ಗ್ಯಾರಂಟಿ. ಅಲೀಜ್-ಸೆಂತ್-ರೆನ್ ವಿಚಾರಕ್ಕೆ ಇಲ್ಲಿ ಯಾರೂ ತೋಳೇರಿಸಲಾರರು. ಆದರೆ ಅಲ್ಲಿಯವರು ನೂರೈವತ್ತು ವರ್ಷದಿಂದ ತೋಳೇರಿಸಿಕೊಂಡೇ ಇದ್ದಾರೆ.

ಇದು ಬರ್ಗಂಡಿಯ ಕೋತ್-ದೋರ್ ಜಿಲ್ಲೆಯ ಒಂದು ಕೊಮ್ಯೂನ್. ಕೊಮ್ಯೂನ್ ಎಂದರೆ ಫ್ರಾನ್ಸಿನ ಆಡಳಿತದ ಕೆಳಗಿನ ಮೆಟ್ಟಿಲು, ಅದಕ್ಕೊಬ್ಬ ಮೇಯರ್. ಗ್ರಾಮ ಪಂಚಾಯ್ತಿ ಎನ್ನಬಹುದಿತ್ತು, ಆದರೆ ಪ್ಯಾರಿಸ್ ಕೂಡ ಒಂದು ಕೊಮ್ಯೂನೇ. ಇಡೀ ದೇಶದಲ್ಲಿ ಇಂಥವು ಸುಮಾರು 35,000. ನಮ್ಮ ಈ ಊರಿನ ಜನಸಂಖ್ಯೆ ಏಳುನೂರನ್ನೂ ಮುಟ್ಟುವುದಿಲ್ಲ.

ನೆಲ ಹೇಗಿದೆ ನೋಡಿ. ಕೈಯಲ್ಲಿ ಕಾಗದ ಇದ್ದವರು ಗೀಚಿಕೊಳ್ಳಿ. ನಡುವೆ ಮೇಜಿನ ಹಾಗೆ ತಲೆ ಚಪ್ಪಟೆಯಾದ ಒಂದು ಗುಡ್ಡ, ಹೆಸರು ಮೋಂ ಓಸ್ವಾ, ಸಮುದ್ರಮಟ್ಟದಿಂದ 407 ಮೀಟರ್. ಸುತ್ತಲ ಕಣಿವೆಯಿಂದ ಲೆಕ್ಕ ಹಾಕಿದರೆ ನೂರೈವತ್ತು ಮೀಟರ್ ಎತ್ತರ. ಉತ್ತರಕ್ಕೆ ಓಜ್ ಹೊಳೆ, ದಕ್ಷಿಣಕ್ಕೆ ಓಜ್ರೆಂ ಹೊಳೆ. ಎರಡೂ ಪಶ್ಚಿಮಕ್ಕೆ ಹರಿದು ಬ್ರೆನ್ ನದಿಗೆ ಸೇರುತ್ತವೆ. ಅಲ್ಲಿ ಅಗಲವಾದ ಬಯಲು, ಲೇ ಲೋಮ್. ಉಳಿದ ಮೂರು ದಿಕ್ಕಿಗೂ ಹೆಚ್ಚುಕಡಿಮೆ ಇಷ್ಟೇ ಎತ್ತರದ ಗುಡ್ಡಗಳು. ಊರು ಕೂತಿರುವುದು ಪಶ್ಚಿಮದ ಇಳಿಜಾರಿನಲ್ಲಿ. ಗುಡ್ಡದ ತಲೆ ಸುಣ್ಣಕಲ್ಲು, ಕೆಳಗೆ ಜೇಡಿಯಂಥ ಮಣ್ಣು. ಮಳೆನೀರು ಸುಣ್ಣಕಲ್ಲಿನ ಸಂದಿಯಲ್ಲಿ ಇಳಿಯುತ್ತದೆ, ಜೇಡಿ ಮುಟ್ಟಿದ ಮೇಲೆ ಇಳಿಯಲಾರದೆ ಪಕ್ಕಕ್ಕೆ ಒಸರುತ್ತದೆ. ಹಾಗಾಗಿ ಗುಡ್ಡದ ಮೈಮೇಲೆಯೇ ಊಟೆಗಳು. ಈ ಊಟೆಗಳನ್ನು ನೆನಪಿಡಿ, ದೇವರೂ ಸಂತಳೂ ಬರುವುದು ಅಲ್ಲಿಂದ.

ಈಗ ಹೆಸರು. ಕ್ರಿ.ಪೂ. 52ರಲ್ಲಿ ರೋಮಿನ ಜೂಲಿಯಸ್ ಸೀಸರ್ ಇಂದಿನ ಫ್ರಾನ್ಸಿನ ನೆಲದಲ್ಲಿದ್ದ ಗಾಲ್ ಜನರ ನಾಯಕ ವರ್ಸಿಂಗೆಟೊರಿಕ್ಸನನ್ನು ‘ಅಲೆಸಿಯಾ’ ಎಂಬ ಬೆಟ್ಟದೂರಿನಲ್ಲಿ ಮುತ್ತಿಗೆ ಹಾಕಿ ಸೆರೆಹಿಡಿದ. ಇದು ನಿಮಗೆ ಗೊತ್ತಿರುವುದೇ. ಆ ಅಲೆಸಿಯಾ ಈ ಅಲೀಜೇ ಹೌದೇ ಎಂಬುದೇ ಜಗಳ. ಅದಕ್ಕೆ ಆಮೇಲೆ ಬರೋಣ, ಮೊದಲು ಅಲೆಸಿಯಾ ಎಂಬ ಹೆಸರಿನ ಅರ್ಥವೇನು?

ಮೊದಲ ಉತ್ತರ ಗ್ರೀಕ್ ಭಾಷೆಯಲ್ಲಿ ಬರೆದ ಸಿಸಿಲಿಯ ಇತಿಹಾಸಕಾರ ಡಿಯೊಡೊರಸನದು. ಯುದ್ಧ ಮುಗಿದು ಕೆಲವೇ ದಶಕ ಆಗಿತ್ತು. ಅವನ ಪ್ರಕಾರ ಊರು ಕಟ್ಟಿದವನು ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್. ಲೋಕವೆಲ್ಲ ಅಲೆದು ಇಲ್ಲಿ ನಿಂತನಂತೆ. ಗ್ರೀಕಿನಲ್ಲಿ ‘ಅಲೆ’ ಎಂದರೆ ಅಲೆದಾಟ, ಅದಕ್ಕೇ ಅಲೆಸಿಯಾ! ನಗಬೇಡಿ. ಕನ್ನಡದಲ್ಲೂ ‘ಅಲೆ’ ಎಂದರೆ ಅಲೆಯುವುದೇ ಅಲ್ಲವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ನಾಳೆ ವಾಟ್ಸ್ಆ್ಯಪ್‌ನಲ್ಲಿ ‘ಫ್ರಾನ್ಸಿನಲ್ಲಿ ಕನ್ನಡದ ಊರು’ ಎಂದು ಬಂದರೆ ಅದರ ಮೂಲ ಈ ಸಭಾಂಗಣ ಎಂದು ನಮಗೆ ಗೊತ್ತಿರುತ್ತದೆ. ಎರಡನೆಯ ಉತ್ತರ ಇನ್ನೂ ಸುಲಭ. ಇಂದಿನ ಫ್ರೆಂಚಿನಲ್ಲಿ ‘ಅಲೀಜ್’ ಎಂಬ ಒಂದು ಕಾಡುಹಣ್ಣಿದೆ. ಹಣ್ಣಿನ ಮರ ಇತ್ತು, ಊರಿಗೆ ಹೆಸರು ಬಂತು. ಮೂರನೆಯದು ಸಂತಳ ಹೆಸರು. ‘ರೆನ್’ ಎಂದರೆ ರಾಣಿ, ಆದ್ದರಿಂದ ಯಾವುದೋ ರಾಣಿಯ ಊರು.

ಮೂರೂ ಉತ್ತರಗಳಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಹಳೆಯ ಬರಹಗಳಲ್ಲಿ ಈ ಹೆಸರು ಹೇಗಿತ್ತು, ಆ ಹಳೆಯ ರೂಪ ಎಲ್ಲಿ? ತೋರಿಸಿ.

1839ರಲ್ಲಿ ಈ ಗುಡ್ಡದ ಮೇಲೆ ಒಂದು ಕಲ್ಲು ಸಿಕ್ಕಿತು. ಲಿಪಿ ಲ್ಯಾಟಿನ್, ಭಾಷೆ ಗಾಲ್ ಜನರದು. ದನ್ನೊತಾಲನ ಮಗ ಮಾರ್ತಿಯಾಲಿಸ್ ಎಂಬವನು ಉಕುವೆತಿಸ್ ದೇವರಿಗೆ ಒಂದು ಕಟ್ಟಡ ಅರ್ಪಿಸಿದ ವಿಷಯ. ಉಕುವೆತಿಸನನ್ನು ಪೂಜಿಸುವ ಕಮ್ಮಾರರ ಹೆಸರೂ ಜತೆಗಿದೆ. ಆ ಕಮ್ಮಾರರು ಎಲ್ಲಿಯವರು? ಕೊನೆಯ ಎರಡು ಪದ ಹೇಳುತ್ತವೆ: ‘ಇನ್ ಅಲಿಸೀಯಾ’, ಅಲಿಸಿಯಾದಲ್ಲಿ. ಕಲ್ಲು ಸಿಕ್ಕಿದ ಜಾಗವೂ ಅದೇ, ಕಲ್ಲಿನೊಳಗಿನ ಹೆಸರೂ ಅದೇ. ಹಲ್ಮಿಡಿ ಶಾಸನದಲ್ಲಿ ‘ಪಲ್ಮಡಿ’ ಎಂದಿರುವುದನ್ನು ನೋಡಿದವರಿಗೆ ಈ ಖುಷಿ ಎಂಥದ್ದೆಂದು ವಿವರಿಸಬೇಕಿಲ್ಲ. ಕಮ್ಮಾರರ ಮಾತಿಗೂ ಹೊರಗಿನ ಸಾಕ್ಷಿ ಇದೆ. ಕುದುರೆಯ ಅಲಂಕಾರಗಳಿಗೆ ಬೆಳ್ಳಿ ಲೇಪ ಕೊಡುವ ಕೆಲಸ ಶುರುವಾದದ್ದು ಅಲೆಸಿಯಾ ಪಟ್ಟಣದಲ್ಲಿ ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ.

ಇನ್ನೊಂದು ಸಾಕ್ಷಿ ಕಲ್ಲಿನಲ್ಲಿಲ್ಲ, ಬಾಯಲ್ಲಿದೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಇಡೀ ಭಾಷಣದಲ್ಲಿ ಗಟ್ಟಿಯಾದದ್ದು ಇದೊಂದೇ. ಊರು ‘ಅಲೀಜ್’. ಸುತ್ತಲ ಸೀಮೆಯ ಹೆಸರು ‘ಓಸ್ವಾ’. ಕಿವಿಗೆ ಸಂಬಂಧವೇ ಇಲ್ಲ. ಆದರೆ ಸೀಮೆಯ ಹಳೆಯ ಲ್ಯಾಟಿನ್ ಹೆಸರು ‘ಪಾಗುಸ್ ಅಲಿಸಿಯೆನ್ಸಿಸ್’, ಅಲಿಸಿಯಾದ ಸೀಮೆ. ‘ಅಲೀಸಿಯಾ’ದಲ್ಲಿ ಒತ್ತು ‘ಲಿ’ ಮೇಲೆ ಬಿತ್ತು, ಆ ಸ್ವರ ಉಳಿಯಿತು. ಎರಡು ಸ್ವರಗಳ ನಡುವೆ ಸಿಕ್ಕ ಲಕಾರವೂ ಉಳಿಯಿತು, ಅಲೀಜ್ ಆಯಿತು. ‘ಅಲಿಸಿಯೆನ್ಸಿಸ್’ನಲ್ಲಿ ಒತ್ತು ಮುಂದೆ ಸರಿದು ‘ಯೆನ್’ ಮೇಲೆ ಕೂತಿತು. ಒತ್ತಿಲ್ಲದ ‘ಇ’ ಬಿದ್ದುಹೋಯಿತು. ಲಕಾರ ಈಗ ನೇರ ಸಕಾರಕ್ಕೆ ತಾಗಿತು: ‘ಅಲ್ಸ್’. ಇನ್ನೊಂದು ವ್ಯಂಜನಕ್ಕೆ ಮೊದಲು ಬಂದ ಲಕಾರ ಫ್ರೆಂಚಿನಲ್ಲಿ ಉಕಾರವಾಗುತ್ತದೆ. ಲ್ಯಾಟಿನ್ನಿನ ‘ಆಲ್ಬಾ’ ಫ್ರೆಂಚಿನಲ್ಲಿ ‘ಓಬ್’, ‘ತಾಲ್ಪಾ’ ‘ತೋಪ್’. ಹಾಗೆಯೇ ‘ಅಲ್ಸ್’ ‘ಔಸ್’ ಆಗಿ, ಕೊನೆಗೆ ‘ಓಸ್ವಾ’. ಒಂದೇ ಲಕಾರ, ಊರಿನಲ್ಲಿ ಬದುಕಿತು, ಸೀಮೆಯಲ್ಲಿ ಕರಗಿತು. ಇಂಥದ್ದನ್ನು ಯಾರೂ ಕುಳಿತು ಕಟ್ಟಲಾರರು. ಹೆರಾಕ್ಲಿಸನ ಕತೆ ಕಟ್ಟಬಹುದು, ಲಕಾರದ ಕತೆ ಕಟ್ಟಲಾಗದು.

ಸೆಂತ್-ರೆನ್ ಭಾಗ ಬೇಗ ಮುಗಿಸುತ್ತೇನೆ. ರೆಜೀನಾ ಎಂಬ ಹುಡುಗಿ. ರೋಮನ್ ಅಧಿಕಾರಿಯನ್ನು ಮದುವೆಯಾಗಲು ಒಪ್ಪದ್ದಕ್ಕೆ ಅವಳ ತಲೆ ಕಡಿಸಿದರು ಎಂಬುದು ಐತಿಹ್ಯ. ರಾಣಿಗೂ ಅವಳಿಗೂ ಸಂಬಂಧವಿಲ್ಲ, ಅದು ಅಂಕಿತನಾಮ. 864ರಲ್ಲಿ ಅವಳ ಅಸ್ಥಿಗಳನ್ನು ಪಕ್ಕದ ಫ್ಲಾವಿನ್ಯಿ ಮಠಕ್ಕೆ ಒಯ್ದರು. ಊಟೆ ಮಾತ್ರ ಇಲ್ಲೇ ಉಳಿಯಿತು, ಚರ್ಮರೋಗದವರು ಆ ನೀರಿಗಾಗಿ ಬಂದರು. ನೀರು ಇವರದು, ಎಲುಬು ಅವರದು. ಹುಂಡಿ ಯಾರದು ಎಂಬ ತಕರಾರು ಊಹಿಸಿಕೊಳ್ಳಿ. ಕುತೂಹಲದ ಸಂಗತಿ ಎಂದರೆ, ರೆಜೀನಾಗಿಂತ ಮೊದಲೇ ಇದೇ ಗುಡ್ಡದ ಇನ್ನೊಂದು ಊಟೆಯ ಬಳಿ ಅಪೊಲೊ ಮೊರಿತಾಸ್ಗುಸ್ ಎಂಬ ದೇವರಿಗೆ ಗುಡಿ ಇತ್ತು, ಅಲ್ಲಿಗೂ ರೋಗಿಗಳೇ ಬರುತ್ತಿದ್ದರು. ಜೇಡಿಮಣ್ಣಿನ ಮಹಿಮೆ. ಅಂದಹಾಗೆ ಫ್ಲಾವಿನ್ಯಿ ಈಗ ಪ್ರಸಿದ್ಧವಾಗಿರುವುದು ಸೋಂಪುಕಾಳಿಗೆ ಸಕ್ಕರೆ ಸುತ್ತಿದ ಗುಳಿಗೆಗಳಿಗೆ, ಅಸ್ಥಿಗಳಿಗಲ್ಲ.

ಈಗ ಜಗಳಕ್ಕೆ ಬರೋಣ. 1855ರಲ್ಲಿ ಬೆಸಾನ್ಸೋಂ ಊರಿನ ವಾಸ್ತುಶಿಲ್ಪಿ ಅಲ್ಫೋನ್ಸ್ ದೆಲಕ್ರುವಾ (ಚಿತ್ರಕಾರ ದೆಲಕ್ರುವಾ ಬೇರೆ) ನಿಜವಾದ ಅಲೆಸಿಯಾ ತಮ್ಮ ಸೀಮೆಯ ‘ಅಲೇಜ್’ ಎಂದ. ಅವನ ಬಳಿ ಎರಡು ಅಸ್ತ್ರ. ಒಂದು, ಸೀಸರ್ ಆಗ ಸೆಕ್ವಾನಿ ಜನರ ನಾಡಿನತ್ತ ಸಾಗುತ್ತಿದ್ದೆ ಎಂದು ತಾನೇ ಬರೆದಿದ್ದಾನೆ, ಅಲೇಜ್ ಇರುವುದು ಆ ನಾಡಿನಲ್ಲೇ. ಎರಡು, ಅಲೆಸಿಯಾ-ಅಲೇಜ್, ಕಿವಿಗೆ ಎಷ್ಟು ಹತ್ತಿರ! ಮೊದಲನೆಯದು ಚರ್ಚೆಗೆ ಯೋಗ್ಯ. ಎರಡನೆಯದಕ್ಕೆ ಮತ್ತದೇ ಪ್ರಶ್ನೆ: ಹಳೆಯ ರೂಪ ತೋರಿಸಿ. ಅಲೀಜಿನವರ ಕೈಯಲ್ಲಿ ಕಲ್ಲಿತ್ತು, ಅಲೇಜಿನವರ ಕೈಯಲ್ಲಿ ಕಿವಿ ಮಾತ್ರ.

ಜಗಳ ಚಕ್ರವರ್ತಿ ಮೂರನೇ ನೆಪೋಲಿಯನ್ನನ ತನಕ ಹೋಯಿತು. ಅವನಿಗೆ ಸೀಸರನ ಚರಿತ್ರೆ ಬರೆಯುವ ಗೀಳು. 1861ರಿಂದ 1865ರವರೆಗೆ ಅಲೀಜ್ ಸುತ್ತ ಅಗೆಸಿದ, ಮುಂದೆ ನಿಂತು ಅಗೆಸಿದವನು ಸೈನ್ಯಾಧಿಕಾರಿ ಸ್ತೊಫೆಲ್. ಸೀಸರ್ ಮುತ್ತಿಗೆಗೆಂದು ತೋಡಿಸಿದ ಕಂದಕ ಹುಡುಕುವ ಉಪಾಯ ಸರಳ. ಕಂದಕ ಇರಬಹುದಾದ ಗೆರೆಗೆ ಅಡ್ಡಲಾಗಿ ಕಿರಿದಾದ ಕಾಲುವೆಗಳನ್ನು ತೋಡುತ್ತಾ ಹೋಗುವುದು. ಮೇಲ್ಮಣ್ಣು ತೆಗೆದ ಮೇಲೆ ಅಲುಗಾಡದ ನೆಲ ಒಂದು ಬಣ್ಣ, ಒಮ್ಮೆ ಅಗೆದು ತುಂಬಿಕೊಂಡ ಕಡೆ ಇನ್ನೊಂದು ಬಣ್ಣ, ಸಡಿಲ. ಆ ಕಪ್ಪು ಪಟ್ಟಿಯ ಅಂಚು ಹಿಡಿದು ಮುಂದಿನ ಕಾಲುವೆ. ಗೆರೆಯ ಉದ್ದಕ್ಕೆ ತೋಡಿದರೆ ಕೆಟ್ಟಿರಿ. ಇಡೀ ಗುಂಡಿ ಒಂದೇ ಬಣ್ಣವಾಗಿ ಕಾಣುತ್ತದೆ, ಅಂಚೇ ಸಿಗುವುದಿಲ್ಲ.

ಅಗೆತ ಮುಗಿದದ್ದೇ 1865ರಲ್ಲಿ ಗುಡ್ಡದ ಮೇಲೆ ವರ್ಸಿಂಗೆಟೊರಿಕ್ಸನ ಪ್ರತಿಮೆ. ಶಿಲ್ಪಿ ಎಮೆ ಮಿಯೆ. ತಾಮ್ರದ ತಗಡು ಬಡಿದು ಮಾಡಿದ್ದು, ಆರೂವರೆ ಮೀಟರಿಗೂ ಮಿಕ್ಕ ಎತ್ತರ, ಕೆಳಗಿನ ಪೀಠ ಬೇರೆ. ಉದ್ದ ಕೂದಲು, ಜೋಲುಮೀಸೆ. ಕೈಯಲ್ಲಿರುವ ಕತ್ತಿ ಅವನ ಕಾಲದ್ದಲ್ಲ, ಅವನಿಗಿಂತ ಹಲವು ನೂರು ವರ್ಷ ಹಿಂದಿನ ಕಂಚಿನ ಯುಗದ ಮಾದರಿ. ಮುಖ? ಹತ್ತಿರ ಹೋಗಿ ನೋಡಿದವರು ಮೂರನೇ ನೆಪೋಲಿಯನ್ನನ ಮುಖವೇ ಎನ್ನುತ್ತಾರೆ. ಹಣ ಕೊಟ್ಟವನ ಮುಖ ದೇವರಿಗೆ ಬರುವುದು ನಮಗೇನು ಹೊಸದಲ್ಲ. ಪೀಠದ ಮೇಲೆ ಬರೆದಿರುವುದು, ಒಗ್ಗೂಡಿ ಒಂದೇ ರಾಷ್ಟ್ರವಾದ ಗಾಲ್ ಇಡೀ ಜಗತ್ತನ್ನೇ ಎದುರಿಸಬಲ್ಲದು ಎಂಬರ್ಥದ ಮಾತು. ಇದು ವರ್ಸಿಂಗೆಟೊರಿಕ್ಸ್ ಹೇಳಿದ್ದು ಎಂದು ನಮಗೆ ತಿಳಿಸಿದವನು ಯಾರು? ಅವನನ್ನು ಸೆರೆಹಿಡಿದ ಸೀಸರ್! ಸೋತವನ ಮಾತು ಗೆದ್ದವನ ಪುಸ್ತಕದಿಂದ. ಇನ್ನೂ ಒಂದಿದೆ. ಸರಿಯಾಗಿ ಐದು ವರ್ಷಕ್ಕೆ, 1870ರ ಸೆಪ್ಟೆಂಬರಿನಲ್ಲಿ, ಆ ಮುಖದ ಯಜಮಾನನೇ ಸೆದಾನ್‌ನಲ್ಲಿ ಪ್ರಷ್ಯದ ಸೈನ್ಯದ ಸುತ್ತುವರಿತಕ್ಕೆ ಸಿಕ್ಕಿ ಶರಣಾದ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಅಂತೆ. ಪ್ರತಿಮೆಯ ಹತ್ತಿರ ನಿಂತರೆ ಹೀಗೇ.

ಮುತ್ತಿಗೆಯ ಅಂಕಿಗಳು. ಒಳಗೆ 80,000 ಯೋಧರು, ಮೂವತ್ತು ದಿನದ ಧಾನ್ಯ. ಇವು ಸೀಸರನ ಲೆಕ್ಕ, ಗೆದ್ದವನ ಲೆಕ್ಕ ಎಂಬುದು ಗಮನದಲ್ಲಿರಲಿ. ಒಳಗಿನವರು ಹೊರಬಾರದಂತೆ ಹನ್ನೊಂದು ರೋಮನ್ ಮೈಲಿ ಸುತ್ತುಗಟ್ಟೆ, ಎಂದರೆ 16 ಕಿಲೋಮೀಟರ್. ನೆರವಿಗೆ ಬರುವವರು ಒಳಬಾರದಂತೆ ಅದರಾಚೆ ಹದಿನಾಲ್ಕು ಮೈಲಿ, ಸುಮಾರು 21 ಕಿಲೋಮೀಟರ್. ನಡುವೆ ಸೀಸರ್. ಹದಿನೈದು ಅಡಿಯ ಎರಡು ಕಂದಕ, ಒಳಗಿನದಕ್ಕೆ ಹೊಳೆಯ ನೀರು. ಹಿಂದೆ ಹನ್ನೆರಡು ಅಡಿಯ ಮಣ್ಣದಿಬ್ಬ, ಎಂಬತ್ತು ಅಡಿಗೊಂದು ಬುರುಜು.

ಕಂದಕದ ಮುಂದೆ ಗುಂಡಿಗಳು. ಮೂರಡಿ ಆಳ, ಕೆಳಗೆ ಹೋದಂತೆ ಕಿರಿದು. ನಡುವೆ ತೊಡೆಯಷ್ಟು ದಪ್ಪದ ಗೂಟ, ತುದಿ ಚೂಪು ಮಾಡಿ ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ್ದು. ನೆಲದಿಂದ ನಾಲ್ಕು ಬೆರಳಷ್ಟೇ ಮೇಲೆ. ಗೂಟ ಅಲ್ಲಾಡದಿರಲು ತಳದಲ್ಲಿ ಒಂದಡಿ ಮಣ್ಣು ತುಳಿದು, ಮೇಲೆ ಕಡ್ಡಿ ಪೊದೆ ಮುಚ್ಚಿಗೆ. ಇಂಥವು ಎಂಟು ಸಾಲು, ಮೂರಡಿಗೊಂದು. ಸೈನಿಕರು ಇದಕ್ಕಿಟ್ಟ ಹೆಸರು ಲಿಲ್ಲಿ ಹೂವು! ಮುಳ್ಳುಕೊಂಬೆಗಳ ಸಾಲಿಗೆ ‘ಸಮಾಧಿಕಲ್ಲು’, ನೆಲದಲ್ಲಿ ಹುಗಿದ ಕಬ್ಬಿಣದ ಕೊಕ್ಕೆಗೆ ‘ಮುಳ್ಳುಗೋಲು’. ಈ ಹೆಸರುಗಳನ್ನು ಒಡೆದು ನಿಘಂಟು ನೋಡಿದರೆ ನಿಮಗೆ ಸಿಗುವುದು ಒಂದು ಹೂದೋಟ.

ಅಗೆದಾಗ ಎಲ್ಲ ಕಡೆ ಈ ಅಳತೆ ಸಿಗಲಿಲ್ಲ. ಬಯಲಿನಲ್ಲಿ ಒಂದು ಏರ್ಪಾಟು, ಗುಡ್ಡದ ಮೇಲೆ ಇನ್ನೊಂದು. ವಿರೋಧಿಗಳು ‘ನೋಡಿದಿರಾ’ ಎಂದರು. ಆದರೆ ಕೆಸರು ಬಯಲಿನಲ್ಲೂ ಕಲ್ಲುಗುಡ್ಡದಲ್ಲೂ ಒಂದೇ ಆಳಕ್ಕೆ ತೋಡುವ ಸೈನ್ಯ ಎಲ್ಲಾದರೂ ಉಂಟೇ? ಅದರ ಮೇಲೆ ರೋಮನ್ ಅಂಕಿಗಳ ಕೈಬರಹದ ಪ್ರತಿಗಳು. ಒಂದು ಗೀಟು ತಪ್ಪಿದರೆ ಒಂದು ಮೈಲಿ ಹೋಯಿತು.

ವಿಮಾನದ ವಿಷಯ ಎರಡೇ ವಾಕ್ಯ. ಮುಚ್ಚಿಹೋದ ಕಂದಕದಲ್ಲಿ ತೇವ ಹೆಚ್ಚು ನಿಲ್ಲುತ್ತದೆ, ಬರಗಾಲದ ಬೇಸಗೆಯಲ್ಲಿ ಸುತ್ತಲ ಗೋಧಿ ಹಳದಿಯಾದರೂ ಅಲ್ಲಿನದು ಹಸಿರಾಗಿ ಪಟ್ಟಿಯಂತೆ ಕಾಣುತ್ತದೆ. ರೆನೆ ಗೊಗೆ ವರ್ಷಗಟ್ಟಲೆ ಮೇಲಿಂದ ಚಿತ್ರ ತೆಗೆದದ್ದು ಇದನ್ನೇ. ಆಮೇಲೆ 1991ರಿಂದ 1997ರವರೆಗೆ ಮಿಶೆಲ್ ರೆದ್ದೆ ಮತ್ತು ಜರ್ಮನಿಯ ಜೀಗ್ಮಾರ್ ಫಾನ್ ಶ್ನೂರ್‌ಬೈನ್ ಜತೆಯಾಗಿ ಅಗೆದರು, ಸ್ತೊಫೆಲ್ ತೋರಿಸಿದ ಗೆರೆಗಳು ಬಹುಪಾಲು ಸರಿ ಎಂದು ಕಂಡಿತು. ಸೀಸದ ಕವಣೆಗುಂಡಿನ ಮೇಲೆ ಸೀಸರನ ಉಪಸೇನಾಪತಿ ಲಬಿಯೆನಸನ ಹೆಸರಿನ ಮೊದಲಕ್ಷರಗಳೂ ಸಿಕ್ಕವು.

ಜೂರಾ ಸೀಮೆಯ ಶೋ-ದೆ-ಕ್ರೋತ್ನೆ ಬಗ್ಗೆ ಪ್ರಶ್ನೆ ಬಂದಿದೆ. ಆಂದ್ರೆ ಬೆರ್ತಿಯೆ 1960ರ ದಶಕದಲ್ಲಿ ಸೀಸರನ ವರ್ಣನೆಗೆ ಹೊಂದುವ ನೆಲವನ್ನು ನಕ್ಷೆಗಳಲ್ಲಿ ಹುಡುಕಿ ಹಿಡಿದ ಜಾಗ. ವರ್ಣನೆ ಹೊಂದಬಹುದು. ಅಲ್ಲಿ ಮುತ್ತಿಗೆಯ ಕಂದಕ ಎಲ್ಲಿ, ಹಳೆಯ ರೂಪ ಎಲ್ಲಿ ಎಂದು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಈಗಲೂ ಅಲ್ಲಿಗೆ ನಿಷ್ಠಾವಂತರಿದ್ದಾರೆ, ಪತ್ರ ಬರೆಯುತ್ತಾರೆ, ಬರೆಯಲಿ.

ಒಂದು ಮಾತು ಬಿಟ್ಟುಹೋಗುವುದಿತ್ತು. ಆ ಬೆಟ್ಟದೂರು ಮಂದುಬಿ ಎಂಬ ಜನರದು, ವರ್ಸಿಂಗೆಟೊರಿಕ್ಸ್ ಅಲ್ಲಿಗೆ ಬಂದು ಸೇರಿಕೊಂಡವನು. ಧಾನ್ಯ ಮುಗಿಯುತ್ತ ಬಂದಾಗ ಊರಿನವರನ್ನೇ, ಹೆಂಗಸರು ಮಕ್ಕಳ ಸಮೇತ, ಹೊರಗೆ ಕಳಿಸಿದರು. ಅವರು ರೋಮನ್ ಕಟ್ಟೆಯ ಬುಡಕ್ಕೆ ಬಂದು, ಗುಲಾಮರನ್ನಾಗಿ ಮಾಡಿಕೊಂಡಾದರೂ ಅನ್ನ ಕೊಡಿ ಎಂದು ಅತ್ತರು. ಸೀಸರ್ ಕಾವಲು ಹಾಕಿಸಿ ಒಳಗೆ ಬಿಡಲಿಲ್ಲ. ಅದನ್ನು ಅವನೇ ಬರೆದಿದ್ದಾನೆ. ಪ್ರತಿಮೆ ವರ್ಸಿಂಗೆಟೊರಿಕ್ಸನಿಗಿದೆ. ರೈಲು ನಿಲ್ದಾಣದ ಹೆಸರು ಲೇ ಲೋಮ್-ಅಲೇಸಿಯಾ, ಪ್ಯಾರಿಸಿನಲ್ಲಿ ಅಲೇಸಿಯಾ ಎಂಬ ಬೀದಿಯೂ ಮೆಟ್ರೋ ನಿಲ್ದಾಣವೂ ಇವೆ. ಸೀಮೆ ಓಸ್ವಾ, ಊರು ಅಲೀಜ್. ಇವುಗಳಲ್ಲಿ ಎಲ್ಲಿಯೂ ‘ಮಂದುಬಿ’ ಎಂಬ ಪದ ಇಲ್ಲ.

ಎರಡನೇ ಚೀಟಿಯೂ ಬಂತು. ಪ್ರಶ್ನೆಗಳಿದ್ದರೆ ಚಹಾದ ಹೊತ್ತಿನಲ್ಲಿ.