ಗಡ್ಡೆ ಇರುವಾಗಲೇ ಕೀಮೋ: ಯಾವ ಔಷಧಿ, ಯಾಕೆ ಅದೇ

ಕೇಳುಗರಿಗೆಲ್ಲ ನಮಸ್ಕಾರ.

ಸ್ತನ ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ದಿನ ಮನೆಯವರು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಸಿಸ್ಟರ್, ಮೊದ್ಲು ಆ ಗಡ್ಡೆ ತೆಗೆಸಿಬಿಡ್ರಿ. ಆಮೇಲೆ ಏನು ಬೇಕಾದ್ರೂ ಮಾಡ್ರಿ." ಬಳ್ಳಾರಿಯಲ್ಲಿ ಕೀಮೋ ವಾರ್ಡಿನ ನರ್ಸ್ ಆಗಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಬೇಗ ಬೆಳೆಯುವ, ಜೋರು ಜಾತಿಯ ಸ್ತನ ಕ್ಯಾನ್ಸರ್‌ನಲ್ಲಿ ಅನೇಕ ಸಲ ಕೀಮೋನೇ ಮೊದಲು, ಆಪರೇಷನ್ ಆಮೇಲೆ. ಯಾಕೆ ಹಾಗೆ, ಮತ್ತು ಒಬ್ಬರಿಗೆ ಒಂದು ಔಷಧಿ ಇನ್ನೊಬ್ಬರಿಗೆ ಬೇರೆ ಔಷಧಿ ಯಾಕೆ, ಅದನ್ನೇ ಇವತ್ತು ಹೇಳಬೇಕು.

ಬಯಾಪ್ಸಿಯಲ್ಲಿ ತೆಗೆದ ಚೂರಿನ ಮೇಲೆ ಮೂರು ಪರೀಕ್ಷೆ ಮಾಡುತ್ತಾರೆ. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳಿಗೆ ಆ ಕ್ಯಾನ್ಸರ್ ಸ್ಪಂದಿಸುತ್ತದೆಯೇ, ಹರ್ ಟೂ ಎಂಬ ಪ್ರೋಟೀನ್ ಅದರಲ್ಲಿ ಜಾಸ್ತಿ ಇದೆಯೇ ಅಂತ. ಮೂರೂ ಇಲ್ಲ ಅಂದರೆ ಅದು ಟ್ರಿಪಲ್ ನೆಗೆಟಿವ್. ಹರ್ ಟೂ ಜಾಸ್ತಿ ಇದ್ದರೆ ಹರ್ ಟೂ ಪಾಸಿಟಿವ್. ಇವೆರಡೂ ಬೇಗ ಬೆಳೆಯುತ್ತವೆ, ಬೇಗ ಹರಡುತ್ತವೆ. ಆದರೆ ಬೇಗ ಬೆಳೆಯುವ ಜೀವಕೋಶಗಳ ಮೇಲೆಯೇ ಕೀಮೋ ಚೆನ್ನಾಗಿ ಕೆಲಸ ಮಾಡುವುದು. ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಜೋರು ಜಾತಿ ಅಂದ ಕೂಡಲೇ ಕೈ ಚೆಲ್ಲಿ ಕೂರುತ್ತಾರೆ.

ಈ ರಿಪೋರ್ಟ್ ಬರಲು ವಾರ ಹಿಡಿಯಬಹುದು. ಹರ್ ಟೂ ಅಂಕ ಸೊನ್ನೆ ಅಥವಾ ಒಂದು ಅಂದರೆ ಇಲ್ಲ ಅಂತ, ಮೂರು ಅಂದರೆ ಇದೆ ಅಂತ. ಎರಡು ಬಂದರೆ ಮಾತ್ರ ತೀರ್ಮಾನವಾಗುವುದಿಲ್ಲ. ಅದಕ್ಕೆ ಫಿಶ್ ಎನ್ನುವ ಇನ್ನೊಂದು ಪರೀಕ್ಷೆ ಬೇಕು, ಇನ್ನಷ್ಟು ದಿನ ಬೇಕು. ಆ ದಿನಗಳಲ್ಲಿ "ಸುಮ್ನೆ ಕಾಯಿಸ್ತಾರೆ" ಅಂತ ಬೇಸರ ಮಾಡಿಕೊಂಡು ಬೇರೆ ಕಡೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರಿದ್ದಾರೆ. ದಯವಿಟ್ಟು ಕಾಯಿರಿ. ಮುಂದಿನ ಒಂದು ವರ್ಷದ ಔಷಧಿ ಆ ಒಂದು ಹಾಳೆಯ ಮೇಲೆ ನಿಂತಿದೆ.

ಈಗ ಗಡ್ಡೆಯ ವಿಷಯ. ನಮ್ಮ ಸಿಂಧನೂರು, ಸಿರುಗುಪ್ಪದ ರೈತರಿಗೆ ಇದನ್ನು ಹೇಳುವುದು ಸುಲಭ. ಮೆಣಸಿನ ಗಿಡಕ್ಕೆ ಎಣ್ಣೆ ಹೊಡೆದ ಮೇಲೆ ಹುಳ ಸತ್ತಿತೋ ಇಲ್ಲವೋ ಅಂತ ಎಲೆ ತಿರುವಿ ನೋಡುತ್ತೀರಿ, ಅಲ್ವಾ? ಗಿಡವನ್ನೇ ಕಿತ್ತು ಹಾಕಿದ್ದರೆ ಏನು ನೋಡುತ್ತೀರಿ? ಗಡ್ಡೆ ಇರುವಾಗಲೇ ಕೀಮೋ ಕೊಟ್ಟರೆ ಅದು ಕರಗುತ್ತಿದೆಯೋ ಇಲ್ಲವೋ ಕೈಗೇ ಗೊತ್ತಾಗುತ್ತದೆ. ರಕ್ತದಲ್ಲಿ ಸೇರಿ ಬೇರೆ ಕಡೆ ಹೋಗಿರಬಹುದಾದ ಕಣಗಳಿಗೂ ಮೊದಲ ದಿನದಿಂದಲೇ ಔಷಧಿ ಸಿಗುತ್ತದೆ. ಗಡ್ಡೆ ಚಿಕ್ಕದಾದರೆ ಪೂರ್ತಿ ಸ್ತನ ತೆಗೆಯದೆ ಉಳಿಸುವ ಅವಕಾಶವೂ ಇರುತ್ತದೆ. ಸಾಮಾನ್ಯವಾಗಿ ಗಡ್ಡೆ 2 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಇಲ್ಲವೇ ಬಗಲಿನ ಗಂಟಿಗೂ ಹೋಗಿದ್ದರೆ ಈ ದಾರಿ. ತೀರ ಸಣ್ಣದಿದ್ದು ಬಗಲು ಶುದ್ಧವಾಗಿದ್ದರೆ ಆಪರೇಷನ್ ಮೊದಲು ಆಗಬಹುದು.

ಸ್ತನ ಉಳಿಸುವ ಯೋಚನೆ ಇದ್ದರೆ ಕೀಮೋಗೆ ಮುಂಚೆ ಗಡ್ಡೆಯೊಳಗೆ ಒಂದು ಸಣ್ಣ ಲೋಹದ ಕ್ಲಿಪ್ ಇಡಿಸಬೇಕು. ಗಡ್ಡೆ ಪೂರ್ತಿ ಕರಗಿಹೋದರೆ ಎಲ್ಲಿತ್ತು ಅಂತ ಸರ್ಜನ್‌ಗೆ ತಿಳಿಯಬೇಕಲ್ಲ. ಇದನ್ನು ನೀವೇ ಬಾಯಿಬಿಟ್ಟು ಕೇಳಿ.

ಇನ್ನು ಔಷಧಿ. ಟ್ರಿಪಲ್ ನೆಗೆಟಿವ್‌ಗೆ ಬಹಳ ವರ್ಷಗಳಿಂದ ಕೊಡುತ್ತಿರುವುದು ಎರಡು ಭಾಗದ ಕೀಮೋ. ಒಂದು ಭಾಗ ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್, ನಾಲ್ಕು ಸೈಕಲ್, ಅಂದರೆ ನಾಲ್ಕು ಸುತ್ತು. ಡಾಕ್ಸೊರುಬಿಸಿನ್ ಅಂದರೆ ಆ ಕೆಂಪು ಔಷಧಿ. ಸಿರಿಂಜಿನಲ್ಲಿ ದಾಸವಾಳದ ಬಣ್ಣ ಕಾಣುತ್ತದೆ, ಮರುದಿನ ಮೂತ್ರವೂ ಕೆಂಪಗೆ ಬರುತ್ತದೆ. ಅದು ರಕ್ತವಲ್ಲ, ಗಾಬರಿ ಬೇಡ. ಆದರೆ ಔಷಧಿ ಹೋಗುತ್ತಿರುವಾಗ ಸೂಜಿಯ ಜಾಗದಲ್ಲಿ ಉರಿ ಬಂದರೆ ಸಹಿಸಿಕೊಂಡು ಕೂರಬೇಡಿ, ತಕ್ಷಣ ಕೂಗಿ. ನರದಿಂದ ಹೊರಗೆ ಸೋರಿದರೆ ಅದು ಚರ್ಮವನ್ನು ಸುಡುತ್ತದೆ. ಎರಡನೇ ಭಾಗ ಪ್ಯಾಕ್ಲಿಟ್ಯಾಕ್ಸೆಲ್, ವಾರಕ್ಕೊಂದರಂತೆ ಹನ್ನೆರಡು ವಾರ.

ಕೆಂಪು ಔಷಧಿಯನ್ನು ಮೂರು ವಾರಕ್ಕೊಮ್ಮೆ ಕೊಡಬೇಕೋ, ಎರಡು ವಾರಕ್ಕೊಮ್ಮೆಯೋ? ಇಲ್ಲಿ ಆಯ್ಕೆ ನಿಜವಾಗಿಯೂ ಮುಖ್ಯ. 37 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಂತರ ಕಡಿಮೆ ಮಾಡಿಯೋ, ಔಷಧಿಗಳನ್ನು ಒಂದಾದ ಮೇಲೊಂದು ಪೂರ್ಣ ಪ್ರಮಾಣದಲ್ಲಿ ಕೊಟ್ಟೋ ಬಿಗಿಯಾಗಿ ನಡೆಸಿದ ಕೀಮೋದಲ್ಲಿ, ಹತ್ತು ವರ್ಷದೊಳಗೆ ಕಾಯಿಲೆ ಮರಳಿದ್ದು ನೂರಕ್ಕೆ 28 ಜನರಿಗೆ. ಹಳೆಯ ರೀತಿಯಲ್ಲಿ 31 ಜನರಿಗೆ. ನೂರರಲ್ಲಿ ಮೂವರು ಅಂದರೆ ಸಣ್ಣ ಲೆಕ್ಕ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ, ಆ ಮೂವರೂ ಒಂದೊಂದು ಮನೆಯ ತಾಯಂದಿರು.

ಆದರೆ ಎರಡು ವಾರಕ್ಕೊಮ್ಮೆ ಕೊಡಬೇಕಾದರೆ ಬಿಳಿ ರಕ್ತಕಣ ಬೇಗ ಏರಿಸುವ ಇಂಜೆಕ್ಷನ್ ಬೇಕು. ಅದನ್ನು ಕೀಮೋ ಮುಗಿದ 24 ಗಂಟೆಯ ಮೇಲೆ ಹಾಕಿಸಬೇಕು. ಅಷ್ಟರಲ್ಲಿ ನೀವು ಲಿಂಗಸೂಗೂರು ಕಡೆಗೋ, ಕುಷ್ಟಗಿ ಕಡೆಗೋ ಬಸ್ಸಿನಲ್ಲಿರುತ್ತೀರಿ. ಆ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಸೀರೆ ಸೆರಗಿನಲ್ಲಿ ಸುತ್ತಿಕೊಂಡು ಹೋದರೆ ಔಷಧಿ ಹಾಳು. ಥರ್ಮಾಕೋಲ್ ಡಬ್ಬಿ ತನ್ನಿ, ಐಸ್ ಪ್ಯಾಕ್ ಇಡಿ. ಇಂಜೆಕ್ಷನ್ ಐಸಿಗೆ ನೇರವಾಗಿ ತಾಗಬಾರದು, ಹೆಪ್ಪುಗಟ್ಟಿದರೂ ಕೆಡುತ್ತದೆ, ನಡುವೆ ಒಂದು ಬಟ್ಟೆ ಇರಲಿ. ಊರಿನ ಸರ್ಕಾರಿ ಆಸ್ಪತ್ರೆಯ ನರ್ಸ್‌ಗೆ ಮೊದಲೇ ಹೇಳಿಟ್ಟುಕೊಳ್ಳಿ. ಇಷ್ಟು ವ್ಯವಸ್ಥೆ ಆಗುವುದಿಲ್ಲ ಅಂದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಅವರು ಮೂರು ವಾರದ ಲೆಕ್ಕ ಹಾಕಬಹುದು, ಇಲ್ಲವೇ ಒಂದು ರಾತ್ರಿ ಇಲ್ಲೇ ಉಳಿಯಲು ಹೇಳಬಹುದು. ಹೇಳದೆ ಇಂಜೆಕ್ಷನ್ ಬಿಟ್ಟುಬಿಟ್ಟರೆ ಜೀವಕ್ಕೇ ಅಪಾಯ.

ಟ್ರಿಪಲ್ ನೆಗೆಟಿವ್‌ಗೆ ಕಾರ್ಬೊಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿ ಸೇರಿಸಬೇಕೇ ಅನ್ನುವ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ಉತ್ತರ ಸಿಕ್ಕಿದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು 720 ಮಹಿಳೆಯರ ಮೇಲೆ ಇದನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಹೇಳಿದರು. 50 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಐದು ವರ್ಷದ ನಂತರ ಬದುಕಿದ್ದವರು ಕಾರ್ಬೊಪ್ಲಾಟಿನ್ ಸೇರಿಸಿದಾಗ ನೂರಕ್ಕೆ 77, ಸೇರಿಸದಿದ್ದಾಗ 66. ಅದಕ್ಕಿಂತ ಹೆಚ್ಚು ವಯಸ್ಸಿನವರಲ್ಲಿ ಈ ಲಾಭ ಕಾಣಲಿಲ್ಲ. ಇದು ಹಳೆಯ ಔಷಧಿ, ಬೆಲೆಯೂ ಕೈಗೆಟುಕುವಂಥದ್ದು. ಅದಕ್ಕೇ ನನಗೆ ಈ ಸುದ್ದಿ ತುಂಬಾ ಸಂತೋಷ ಕೊಟ್ಟಿತು. ನಮ್ಮ ಕಡೆ ಮೂವತ್ತು, ನಲವತ್ತರ ಹೆಣ್ಣುಮಕ್ಕಳೇ ಈ ಜಾತಿಯ ಕಾಯಿಲೆ ಹೊತ್ತು ಬರುತ್ತಾರೆ. "ನನ್ನ ವಯಸ್ಸಿಗೆ ಕಾರ್ಬೊಪ್ಲಾಟಿನ್ ಸೇರಿಸ್ತೀರಾ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿಯೂ ಇದೆ. ಕೀಮೋ ಜೊತೆ ಕೊಟ್ಟರೆ ಗಡ್ಡೆ ಪೂರ್ತಿ ಕರಗುವವರ ಸಂಖ್ಯೆ ಹೆಚ್ಚುತ್ತದೆ. ಅಮೆರಿಕದಲ್ಲಿ 2021ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಬೆಲೆ ಬಹಳ. ಹೊಲ ಮಾರಿ ತರುತ್ತೇವೆ ಅನ್ನುವವರನ್ನು ಕೂರಿಸಿಕೊಂಡು ಮಾತಾಡಿದ್ದೇನೆ. ಅದಿಲ್ಲದೆಯೂ ಒಳ್ಳೆಯ ಚಿಕಿತ್ಸೆ ಇದೆ, ಗುಣವಾದವರಿದ್ದಾರೆ. ಹೊಲ ಮಾರುವ ಮುಂಚೆ ಲಾಭ ಎಷ್ಟು, ಖರ್ಚು ಎಷ್ಟು ಅಂತ ವೈದ್ಯರನ್ನೇ ನೇರವಾಗಿ ಕೇಳಿ.

ಹರ್ ಟೂ ಪಾಸಿಟಿವ್ ಆದರೆ ದಾರಿ ಬೇರೆ. ಅಲ್ಲಿ ಹರ್ ಟೂ ಪ್ರೋಟೀನಿಗೇ ಗುರಿ ಇಡುವ ಟ್ರಾಸ್ಟುಜುಮಾಬ್ ಎಂಬ ಔಷಧಿ ಮುಖ್ಯ. ಡೋಸಿಟ್ಯಾಕ್ಸೆಲ್, ಕಾರ್ಬೊಪ್ಲಾಟಿನ್ ಜೊತೆ ಅದನ್ನು ಸೇರಿಸಿ ಆರು ಸೈಕಲ್, ಅನುಕೂಲವಿದ್ದರೆ ಅದೇ ಬಗೆಯ ಪೆರ್ಟುಜುಮಾಬ್ ಕೂಡ. ಕೀಮೋ ಮುಗಿದರೂ ಟ್ರಾಸ್ಟುಜುಮಾಬ್ ಒಟ್ಟು ಒಂದು ವರ್ಷ ನಡೆಯುತ್ತದೆ. ಒಂದು ಕಾಲದಲ್ಲಿ ಇದು ದುಡ್ಡಿದ್ದವರ ಔಷಧಿ ಆಗಿತ್ತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದಕ್ಕೆ ಸಮಾನವಾದ ಔಷಧಿಯನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಬೇರೆ ಕಂಪನಿಗಳೂ ತಂದವು, ಬೆಲೆ ಇಳಿಯಿತು.

ಕೆಂಪು ಔಷಧಿಯೂ ಟ್ರಾಸ್ಟುಜುಮಾಬ್ ಕೂಡ ಹೃದಯದ ಮೇಲೆ ಕಣ್ಣಿಡಬೇಕಾದ ಔಷಧಿಗಳು. ಅದಕ್ಕೇ ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನ್ ಪರೀಕ್ಷೆ. ಹೃದಯ ದುರ್ಬಲವಿದ್ದರೆ ಕೆಂಪು ಔಷಧಿ ಬಿಟ್ಟು ಡೋಸಿಟ್ಯಾಕ್ಸೆಲ್, ಸೈಕ್ಲೋಫಾಸ್ಫಮೈಡ್ ನಾಲ್ಕು ಸೈಕಲ್ ಕೊಡುವುದುಂಟು. ಮುಂಚೆ ಎದೆನೋವು ಬಂದಿತ್ತು, ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ ಅನ್ನುವುದನ್ನು ಮುಚ್ಚಿಡಬೇಡಿ. ಮುಂದೆ ಮಕ್ಕಳು ಬೇಕು ಅನ್ನುವ ಆಸೆ ಇದ್ದರೆ ಅದನ್ನೂ ಮೊದಲ ಸೈಕಲ್‌ಗೆ ಮುಂಚೆಯೇ ಹೇಳಬೇಕು. ಅತ್ತೆ ಮಾವನ ಎದುರು ಹೇಳಲಾಗದಿದ್ದರೆ ನರ್ಸ್ ಹತ್ತಿರ ಹೇಳಿ.

ಕೈಕೆಲಸದ ಮಾತನ್ನೂ ಹೇಳಲೇಬೇಕು. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬ ಅಕ್ಕ ವಾರವಾರ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಬರುತ್ತಿದ್ದರು. ಒಂದು ದಿನ ಕೈಗೆ ಸೂಜಿ ಚುಚ್ಚುವಾಗ ನೋಡಿದೆ, ರವಿಕೆಯ ಹುಕ್ಕುಗಳ ಬದಲು ಸೇಫ್ಟಿ ಪಿನ್ ಇತ್ತು. ಕೇಳಿದರೆ, "ಹುಕ್ಕು ಬೆರಳಿಗೆ ಸಿಗಂಗಿಲ್ರಿ ಸಿಸ್ಟರ್. ಮಿಷನ್‌ನ್ಯಾಗ ದಾರ ಪೋಣಸಾಕೂ ಮಗಳೇ ಬೇಕು" ಅಂದರು. ಬೆರಳ ತುದಿ ಜೋಮು ಹಿಡಿದು ವಾರಗಳೇ ಆಗಿದ್ದವು. ಹೇಳಿದರೆ ಔಷಧಿ ನಿಲ್ಲಿಸಿಬಿಡುತ್ತಾರೆ ಅಂತ ಹೆದರಿ ಸುಮ್ಮನಿದ್ದರು. ವೈದ್ಯರು ನಿಲ್ಲಿಸಲಿಲ್ಲ. ಪ್ರಮಾಣ ಇಳಿಸಿ ಉಳಿದ ವಾರಗಳನ್ನು ಮುಗಿಸಿದರು. ಇನ್ನೂ ತಡ ಮಾಡಿದ್ದರೆ ಆ ಜೋಮು ಶಾಶ್ವತವಾಗಿ ಉಳಿಯುವ ಸಾಧ್ಯತೆ ಇತ್ತು. ಹೊಲಿಗೆ, ಹತ್ತಿ ಬಿಡಿಸುವುದು, ಬೀಡಿ ಕಟ್ಟುವುದು, ನಿಮ್ಮ ಕೆಲಸ ಯಾವುದು ಅಂತ ವೈದ್ಯರಿಗೆ ಮೊದಲ ದಿನವೇ ಗೊತ್ತಿರಲಿ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನಿಮಗೆ ಬರೆದ ಔಷಧಿ ಅದರಲ್ಲಿ ಬರುತ್ತದೆಯೋ ಅಂತ ಮೊದಲ ಸೈಕಲ್‌ಗೆ ಮುಂಚೆ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೋಗಿ ಚಿಕಿತ್ಸೆಯ ಯೋಜನೆ ಬರೆಸಿಕೊಂಡು ಬಂದು ಕೀಮೋ ಮಾತ್ರ ಹತ್ತಿರದಲ್ಲಿ ತೆಗೆದುಕೊಳ್ಳಬಹುದೇ ಅಂತಲೂ ಕೇಳಿ. 2025ರಿಂದ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ, ಅಂದರೆ ಅದೇ ದಿನ ತೆಗೆದುಕೊಂಡು ಮನೆಗೆ ಹೋಗುವ ವ್ಯವಸ್ಥೆ, ಶುರುವಾಗಿದೆ. ಪ್ರತಿ ಸೈಕಲ್‌ಗೆ ಹಿಂದಿನ ದಿನವೇ ನಿಮ್ಮೂರಿನ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಫೋನಿನಲ್ಲಿ ರಿಪೋರ್ಟ್ ಕಳಿಸಿದರೆ, ಕಣ ಕಡಿಮೆ ಅಂತ ಬಂದ ದಾರಿಯಲ್ಲೇ ವಾಪಸ್ ಹೋಗುವ ಕಷ್ಟ ತಪ್ಪುತ್ತದೆ.

ಜ್ವರ ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಬನ್ನಿ. "ಕೀಮೋ ನಡೀತಾ ಇದೆ" ಅನ್ನುವುದು ಬಾಗಿಲಲ್ಲಿ ಹೇಳುವ ಮೊದಲ ಮಾತಾಗಿರಲಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಮಲಗುವುದು ಬೇಡ.

ಕೀಮೋ ಮುಗಿದು ಆಪರೇಷನ್ ಆದ ಮೇಲೆ ತೆಗೆದ ಭಾಗದ ರಿಪೋರ್ಟ್ ಬರುತ್ತದೆ. ಕ್ಯಾನ್ಸರ್ ಒಂದು ಕಣವೂ ಉಳಿದಿಲ್ಲ ಅಂದರೆ ಬಹಳ ಒಳ್ಳೆಯ ಸುದ್ದಿ. ಟ್ರಿಪಲ್ ನೆಗೆಟಿವ್‌ನಲ್ಲಿ ಸ್ವಲ್ಪ ಉಳಿದಿದ್ದರೆ ಕ್ಯಾಪೆಸಿಟಬೈನ್ ಮಾತ್ರೆ ಕೊಡುತ್ತಾರೆ. ಜಪಾನ್ ಮತ್ತು ಕೊರಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥವರಲ್ಲಿ ಐದು ವರ್ಷಕ್ಕೆ ಬದುಕುಳಿದವರು ನೂರಕ್ಕೆ 70ರಿಂದ 79ಕ್ಕೆ ಏರಿದ್ದರು. ಹರ್ ಟೂ ಆದರೆ ಅದಕ್ಕೆ ಬೇರೆ ಔಷಧಿ ಇದೆ. ಬಿಆರ್‌ಸಿಎ ಎಂಬ ಜೀನಿನಲ್ಲಿ ಹುಟ್ಟಿನಿಂದ ದೋಷ ಇದ್ದವರಿಗೆ ಒಲಾಪರಿಬ್ ಎಂಬ ಮಾತ್ರೆಯೂ ಇದೆ. ಹಾಗಾಗಿ ಹೊಲಿಗೆ ಬಿಚ್ಚಿಸಿಕೊಂಡು ನೇರ ಊರಿಗೆ ಹೋಗಬೇಡಿ. ಆ ರಿಪೋರ್ಟ್ ಹಿಡಿದುಕೊಂಡು ಕೀಮೋ ವೈದ್ಯರ ಹತ್ತಿರ ಬನ್ನಿ. ನಾವು ಅಲ್ಲೇ ಇರುತ್ತೇವೆ.

ನಮಸ್ಕಾರ.