ಸೋದರಮಾವನಿಗೆ ಸಿಕ್ಕಿದ ಪಟ್ಟ

ಕೇಳುಗರೇ, ನಮಸ್ಕಾರ.

1578ರ ಆಗಸ್ಟ್ 4. ಮೊರಾಕ್ಕೊದ ಅಲ್ಕಾಸರ್ ಕಿಬೀರ್ ಕಾಳಗದಲ್ಲಿ ಪೋರ್ಚುಗಲ್ ದೊರೆ ಸೆಬಾಸ್ಟಿಯನ್ ಸತ್ತ. ಬರೀ 24 ವರ್ಷ, ಮದುವೆಯೂ ಆಗಿರಲಿಲ್ಲ. ಪಟ್ಟ ಅಜ್ಜನ ತಮ್ಮ ಹೆನ್ರಿಗೆ ಹೋಯಿತು. ಅವನೋ ಮದುವೆಯಾಗುವಂತಿಲ್ಲದ ಕಾರ್ಡಿನಲ್, ಅಂದರೆ ಕ್ರೈಸ್ತ ಚರ್ಚಿನ ಹಿರಿಯ ಗುರು, ವಯಸ್ಸಾದವನು, 1580ರ ಜನವರಿಯಲ್ಲಿ ತೀರಿಕೊಂಡ.

ಆಗ ಬಂದವನು ಸ್ಪೇನಿನ ಎರಡನೇ ಫಿಲಿಪ್. ಸೆಬಾಸ್ಟಿಯನ್‌ಗೆ ಸ್ವಂತ ಸೋದರಮಾವ! ಫಿಲಿಪ್‌ನ ತಾಯಿಯೂ ಪೋರ್ಚುಗಲ್ಲಿನ ರಾಜಕುಮಾರಿ. ಹೆಣ್ಣು ಕೊಟ್ಟು ಹೆಣ್ಣು ತಂದ ಮನೆಗಳು ಅಲ್ವಾ, ಹಕ್ಕು ಕೇಳಲು ದಾರಿ ಇತ್ತು. ಆದರೂ ಸುಮ್ನೆ ಕೇಳಲಿಲ್ಲ, ಸೈನ್ಯವನ್ನೂ ಕಳಿಸಿದ.

1581ರಲ್ಲಿ ತೊಮಾರ್ ಊರಿನ ಸಭೆಯಲ್ಲಿ ಅವನು ಮಾತು ಕೊಟ್ಟ. ದೊರೆ ಒಬ್ಬನೇ, ರಾಜ್ಯ ಮಾತ್ರ ಎರಡು. ಪೋರ್ಚುಗಲ್ಲಿನ ಕಾನೂನು, ನಾಣ್ಯ, ಭಾಷೆ ಅವರದ್ದೇ, ಅಲ್ಲಿನ ಹುದ್ದೆಗಳೂ ಅಲ್ಲಿಯವರಿಗೇ. ನನಗೆ ಇದು ನ್ಯಾಯವಾದ ಒಪ್ಪಂದ ಅನಿಸುತ್ತದೆ. ನಮ್ಮ ಮಂಗಳೂರು, ಬಸರೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳೂ ಆಗ ಇದೇ ದೊರೆಯ ಕೆಳಗೆ ಬಂದವು.

ಆದರೆ ಸ್ಪೇನಿನ ಹಗೆಗಳೆಲ್ಲ ಪೋರ್ಚುಗಲ್ಲಿಗೂ ಹಗೆಗಳಾದರು. ಡಚ್ಚರು ಬ್ರೆಜಿಲ್‌ನಲ್ಲೂ ಏಷ್ಯಾದಲ್ಲೂ ಪೋರ್ಚುಗೀಸರ ಬಂದರುಗಳ ಮೇಲೆ ಬಿದ್ದರು. ಮೊಮ್ಮಗ ನಾಲ್ಕನೇ ಫಿಲಿಪ್‌ನ ಕಾಲಕ್ಕೆ ಮಂತ್ರಿ ಒಲಿವಾರೆಸ್ ತೆರಿಗೆ ಮೇಲೆ ತೆರಿಗೆ ಹಾಕಿದ, ತಾತ ಕೊಟ್ಟ ಮಾತು ಒಂದೊಂದಾಗಿ ಸಡಿಲವಾಯಿತು, 1637ರಲ್ಲಿ ಎವೊರಾ ಊರಿನ ಜನ ದಂಗೆ ಎದ್ದರು. 1640ರಲ್ಲಿ ಸ್ಪೇನಿನದೇ ಪ್ರಾಂತ್ಯ ಕೆಟಲೋನಿಯಾ ತಿರುಗಿಬಿದ್ದಾಗ, ಅದನ್ನು ಹತ್ತಿಕ್ಕಲು ನೀವೂ ಬನ್ನಿ ಎಂದು ಪೋರ್ಚುಗಲ್ಲಿನ ಶ್ರೀಮಂತರಿಗೆ ಅಪ್ಪಣೆ ಬಂತು. ಯಾರದೋ ಯುದ್ಧಕ್ಕೆ ಅವರು ಯಾಕೆ ಹೋಗಬೇಕು?

ಡಿಸೆಂಬರ್ 1ರ ಬೆಳಿಗ್ಗೆ ಅವರು ಲಿಸ್ಬನ್ ಅರಮನೆಗೇ ನುಗ್ಗಿದರು. ಸ್ಪೇನಿನ ಪರವಾಗಿ ಆಡಳಿತ ನಡೆಸುತ್ತಿದ್ದ ಕಾರ್ಯದರ್ಶಿ ಮಿಗೆಲ್ ಡಿ ವಾಸ್ಕನ್ಸೆಲೊಸ್ ಕಪಾಟಿನೊಳಗೆ ಅಡಗಿದ್ದ. ಬಾಗಿಲು ತೆರೆದರು, ಗುಂಡು ಹೊಡೆದರು, ಹೆಣವನ್ನು ಕಿಟಕಿಯಿಂದ ಕೆಳಗೆ ಎಸೆದರು. ಅವನೂ ಪೋರ್ಚುಗೀಸನೇ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬ್ರಗಾನ್ಸಾದ ಡ್ಯೂಕ್ ಜಾನ್ ಪೋರ್ಚುಗಲ್ಲಿನ ದೊರೆಯಾದ. ಹೆಂಡತಿ ಲೂಯಿಸಾ ಸ್ಪೇನಿನ ದೊಡ್ಡ ಮನೆತನದ ಮಗಳು, ಆದರೂ ಗಂಡನ ಬೆನ್ನಿಗೆ ನಿಂತಳು. ಯುದ್ಧ ಮಾತ್ರ ನಿಲ್ಲಲಿಲ್ಲ, 28 ವರ್ಷ ಎಳೆಯಿತು. ಕೊನೆಗೆ 1668ರಲ್ಲಿ ಪೋರ್ಚುಗಲ್ ಸ್ವತಂತ್ರ ಎಂದು ಸ್ಪೇನ್ ಒಪ್ಪಿಕೊಂಡಿತು.

ಒಂದು ಊರು ಮಾತ್ರ ವಾಪಸ್ ಬರಲಿಲ್ಲ. ಆಫ್ರಿಕದ ದಡದ ಸೆಯುಟಾ ಸ್ಪೇನಿನ ಜೊತೆಗೇ ಉಳಿಯಿತು. ಅದರ ಬಾವುಟ ನೋಡಿ, ಲಿಸ್ಬನ್ ಬಾವುಟದ್ದೇ ಕಪ್ಪು ಬಿಳಿ ತ್ರಿಕೋನಗಳು ಇವತ್ತಿಗೂ ಇವೆ.